ನೈಟ್ರೊ 5 ಲ್ಯಾಪ್‌ಟಾಪ್‌ಗೆ ಎರಡನೆಯ ಎಸ್‌ಎಸ್‌ಡಿ: 7,000 ಎಂಬಿ ವೇಗದ್ದೇ ಬೇಕೆ?

ತುಂಗಾತೀರ, ಶಿವಮೊಗ್ಗ:

ನಮಸ್ಕಾರ. ನನ್ನದು ಏಸರ್ ನೈಟ್ರೊ 5. ರೈಜೆನ್ 5 5600ಎಚ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್, 8 ಜಿಬಿ ರ್‍ಯಾಮ್ ಇದೆ. ಜೊತೆಗೆ ಬಂದಿದ್ದ 512 ಜಿಬಿ ಎಸ್‌ಎಸ್‌ಡಿ ತುಂಬಿಹೋಗಿದೆ. ಕಾಲೇಜಿಗೆ ಬೇಕಾದ ಸಾಫ್ಟ್‌ವೇರ್‌ಗಳನ್ನು ಅಳಿಸುವಂತಿಲ್ಲ. ರೆಡ್ ಡೆಡ್ ರಿಡೆಂಪ್ಷನ್ 2 ಒಂದಕ್ಕೇ 150 ಜಿಬಿ ಬೇಕು. ಒಮ್ಮೆ ಅಳಿಸಿದರೆ ಹಾಸ್ಟೆಲ್ಲಿನ ಇಂಟರ್ನೆಟ್‌ನಲ್ಲಿ ಅದನ್ನು ಮತ್ತೆ ಇಳಿಸಿಕೊಳ್ಳುವುದು ಆಗದ ಮಾತು. ತಳದ ಮುಚ್ಚಳ ಬಿಚ್ಚಿ ನೋಡಿದೆ: ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಸ್ಲಾಟ್ ಇವೆ, ಒಂದು ಖಾಲಿ. ರಜೆಯಲ್ಲಿ ದುಡಿದ ಸ್ವಲ್ಪ ಹಣ ಕೈಯಲ್ಲಿದೆ. ಸೆಕೆಂಡಿಗೆ 7,000 ಎಂಬಿಗಿಂತ ಹೆಚ್ಚು ಓದುವ 1 ಟಿಬಿಯ ಜೆನ್ 4 ಡ್ರೈವ್ ಕೊಳ್ಳಬೇಕೆಂದಿದ್ದೇನೆ. ಗೇಮ್ ಬೇಗ ತೆರೆದುಕೊಳ್ಳಬೇಕು, ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಕೂಡ ಸ್ವಲ್ಪ ಏರಿದರೆ ಸಂತೋಷ. ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್ ಆಗಬಹುದೇ?

ಕಡಲತೀರದ ಗೇಮರ್:

ಕೊಳ್ಳುವುದೇ ಆದರೆ ಅದನ್ನೇ ಕೊಳ್ಳಿ. ಇವತ್ತು ಪೂರ್ತಿ ವೇಗ ಸಿಗದಿದ್ದರೂ ಮುಂದೆ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡಾಗ ಬಿಚ್ಚಿ ಅದಕ್ಕೆ ಹಾಕಿಕೊಳ್ಳಬಹುದು. 5 ವರ್ಷದ ವಾರಂಟಿಯೂ ಇದೆ.

ಧಾರವಾಡದ ಮೇಜು:

ತುಂಗಾತೀರ ಅವರೇ, ಹಣ ಕೊಡುವ ಮೊದಲು ಇದನ್ನೊಮ್ಮೆ ಓದಿ. ನಾನು ಧಾರವಾಡದಲ್ಲಿ ಲ್ಯಾಪ್‌ಟಾಪ್ ದುರಸ್ತಿ ಮಾಡುವವಳು. ನನ್ನ ಬಳಿ ಬರುವವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಒಂದು ಸಂಖ್ಯೆಯನ್ನು ನಂಬಿ ಅವರು ಕೂಡಿಟ್ಟ ಹಣ ಸುರಿಯುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರೊಸೆಸರ್ ಮತ್ತು ಎಸ್‌ಎಸ್‌ಡಿ ನಡುವಿನ ದಾರಿಯ ಹೆಸರು ಪಿಸಿಐಇ, ಜೆನ್ ಎಂದರೆ ಅದರ ತಲೆಮಾರು. ನಿಮ್ಮ 5600ಎಚ್ ಪಿಸಿಐಇ ಜೆನ್ 3ರ ಚಿಪ್. ಎಎಂಡಿ ಲ್ಯಾಪ್‌ಟಾಪ್‌ಗಳಿಗೆ ಜೆನ್ 4 ಬಂದದ್ದು ರೈಜೆನ್ 6000 ಸರಣಿಯಲ್ಲಿ. ಜೆನ್ 3ರ ನಾಲ್ಕು ಲೇನ್‌ಗಳಲ್ಲಿ ಸೆಕೆಂಡಿಗೆ 3,500 ಎಂಬಿ ಆಸುಪಾಸು ಸಿಕ್ಕರೆ ಅದೇ ಗರಿಷ್ಠ. ಎಸ್‌ಎನ್850ಎಕ್ಸ್ ಹಾಕಿದರೂ ಅಷ್ಟೇ. ಡ್ರೈವ್ ಸರಿಯಾಗಿಯೇ ನಡೆಯುತ್ತದೆ, ಏನೂ ಕೆಡುವುದಿಲ್ಲ. ಆದರೆ ನೀವು ಬೆಲೆ ತೆತ್ತ ವೇಗದಲ್ಲಿ ಅರ್ಧ ನಿಮಗೆ ದಕ್ಕುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. 7,000 ಎಂಬುದು ದೊಡ್ಡ ಫೈಲೊಂದನ್ನು ಒಂದೇ ಸಮನೆ ಓದುವಾಗಿನ ಲೆಕ್ಕ. ಗೇಮ್ ತೆರೆಯುವಾಗ ಸಾವಿರಾರು ಚಿಕ್ಕ ತುಣುಕುಗಳನ್ನು ಅಲ್ಲಿಂದ ಇಲ್ಲಿಂದ ಓದಬೇಕಾಗುತ್ತದೆ, ಓದಿದ್ದನ್ನು ಪ್ರೊಸೆಸರ್ ಬಿಡಿಸಿಕೊಳ್ಳಬೇಕಾಗುತ್ತದೆ. ಡ್ರೈವ್‌ನ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಿ ಎಲ್ಲಕ್ಕಿಂತ ಕೆಳಗಿನ ಸಾಲನ್ನು ನೋಡಿ. 4ಕೆ, ಅಂದರೆ 4 ಕೆಬಿಯ ತುಣುಕುಗಳನ್ನು ಒಂದೊಂದಾಗಿ ಓದುವ ವೇಗ ಅದು. ಜೆನ್ 3 ಇರಲಿ, ಜೆನ್ 4 ಇರಲಿ, ಅಲ್ಲಿ ಬರುವುದು ಸಾಮಾನ್ಯವಾಗಿ 50ರಿಂದ 90 ಎಂಬಿ. ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬಂದಾಗ ಕಾಣುವ ಅಂತರ ಒಂದು ಒಳ್ಳೆಯ ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ಹೋದಾಗ ಕಾಣುವುದಿಲ್ಲ.

ಎಫ್‌ಪಿಎಸ್ ಅಂತೂ ಎಸ್‌ಎಸ್‌ಡಿಯಿಂದ ಏರುವುದಿಲ್ಲ. ನಿಮ್ಮ ಗೇಮ್ ನಡುನಡುವೆ ತಡವರಿಸುತ್ತಿದ್ದರೆ ನನ್ನ ಅನುಮಾನ 8 ಜಿಬಿ ರ್‍ಯಾಮ್ ಮೇಲೆ. ರೆಡ್ ಡೆಡ್ 2 ತಯಾರಿಸಿದವರೇ 12 ಜಿಬಿ ಇರಲಿ ಎನ್ನುತ್ತಾರೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎರಡು ಸ್ಲಾಟ್‌ಗಳ ಪೈಕಿ ಒಂದೇ ಬಳಕೆಯಲ್ಲಿದೆ ಎಂದು ಕಂಡರೆ ಇನ್ನೊಂದು 8 ಜಿಬಿ ಡಿಡಿಆರ್4 3200 ಹಾಕಿಸಿ. ಪ್ರೊಸೆಸರ್‌ನಿಂದ ಮೆಮೊರಿಗೆ ಇರುವ ಎರಡು ಚಾನೆಲ್‌ಗಳೂ ದುಡಿಯತೊಡಗಿದಾಗ ಆಗುವ ಬದಲಾವಣೆ ಕಣ್ಣಿಗೇ ಕಾಣಿಸುತ್ತದೆ. ದುಬಾರಿ ಡ್ರೈವ್ ಬಿಟ್ಟು ಉಳಿಯುವ ಹಣ ಹೋಗಬೇಕಾದದ್ದು ಅಲ್ಲಿಗೆ.

ಹಾಗೆಂದು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಎತ್ತಿಕೊಂಡು ಬರಬೇಡಿ. ಟಿಎಲ್‌ಸಿ ಫ್ಲಾಶ್ ಇರುವುದನ್ನೇ ಕೇಳಿ. ಒಂದು ಕೋಶದಲ್ಲಿ ಟಿಎಲ್‌ಸಿ 3 ಬಿಟ್ ಇಡುತ್ತದೆ, ಕ್ಯೂಎಲ್‌ಸಿ 4. ಕ್ಯೂಎಲ್‌ಸಿ ಡ್ರೈವ್ ಖಾಲಿ ಇರುವಾಗ ಚುರುಕಾಗಿಯೇ ಇರುತ್ತದೆ. ಮುಕ್ಕಾಲು ಪಾಲು ತುಂಬಿದ ಮೇಲೆ 100 ಜಿಬಿಯ ಗೇಮ್ ನಕಲಿಸಿ ನೋಡಿ: ವೇಗದ ಗೆರೆ ಸ್ವಲ್ಪ ಹೊತ್ತು ಮೇಲಿದ್ದು, ಕ್ಯಾಶ್ (ಬರಹವನ್ನು ಮೊದಲು ತುಂಬಿಸಿಕೊಳ್ಳುವ ವೇಗದ ಜಾಗ) ಮುಗಿದ ಕ್ಷಣ ಹಾರ್ಡ್ ಡಿಸ್ಕ್ ಮಟ್ಟಕ್ಕೆ ಕುಸಿಯುತ್ತದೆ, ಕೆಲಸ ಮುಗಿಯುವವರೆಗೂ ಮೇಲೇಳುವುದಿಲ್ಲ. ಕ್ಯೂಎಲ್‌ಸಿ ಬೇಡ ಎನ್ನಲು ನನ್ನ ಕಾರಣ ಇದು. ಅದು ಬೇಗ ಸವೆದುಹೋಗುತ್ತದೆ ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಕ್ಯೂಎಲ್‌ಸಿಯ ಕ್ರೂಶಿಯಲ್ ಪಿ3 ಪ್ಲಸ್ 1 ಟಿಬಿಗೆ ತಯಾರಕರು ಹೇಳಿರುವ ಬಾಳಿಕೆ 220 ಟಿಬಿ ಬರಹ. ದಿನಕ್ಕೆ 40 ಜಿಬಿ ಬರೆದರೂ 15 ವರ್ಷ ಬೇಕು.

ನಿಮ್ಮ ಯಂತ್ರಕ್ಕೆ ನಾನು ಹಾಕುವುದಾದರೆ ಡಬ್ಲ್ಯೂಡಿ ಎಸ್‌ಎನ್770 ಅಥವಾ ಸ್ಯಾಮ್‌ಸಂಗ್ 970 ಇವೊ ಪ್ಲಸ್, ಎರಡರಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ್ದು. ಎರಡೂ ಟಿಎಲ್‌ಸಿ. ಮೊದಲನೆಯದರಲ್ಲಿ ಡ್ರೈವ್‌ನ ಸ್ವಂತ ಮೆಮೊರಿಯಾದ ಡಿರ್‍ಯಾಮ್ ಇಲ್ಲ, ಲ್ಯಾಪ್‌ಟಾಪ್‌ನ ರ್‍ಯಾಮ್‌ನಲ್ಲಿ ಹತ್ತಾರು ಎಂಬಿ ಮಾತ್ರ ಎರವಲು ಪಡೆದು ನಡೆಸುತ್ತದೆ; ಗೇಮ್‌ಗೆ ಅಷ್ಟು ಸಾಕು. ಕಡಲತೀರದವರು ಹೇಳಿದ ಮಾತಿನಲ್ಲೂ ಹುರುಳಿದೆ: ಎಸ್‌ಎನ್770 ಸ್ವತಃ ಜೆನ್ 4 ಡ್ರೈವ್, ಹೊಸ ಲ್ಯಾಪ್‌ಟಾಪ್‌ಗೆ ಹೋದಾಗ 5,000 ಎಂಬಿ ದಾಟುತ್ತದೆ. ಅದಕ್ಕಿಂತ ಮೇಲಿನದಕ್ಕೆ ಇವತ್ತೇ ಹಣ ತೆರಬೇಕಾಗಿಲ್ಲ. ಹೆಚ್ಚುವರಿ ಹಣ ಕೊಡಲೇಬೇಕು ಎನಿಸಿದರೆ ಜಾಗಕ್ಕೆ ಕೊಡಿ, 2 ಟಿಬಿ ತೆಗೆದುಕೊಳ್ಳಿ.

ಪೇಟೆಯವನು:

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ಸಂಕೋಚವಿಲ್ಲದೆ ಕೇಳಿ: ಎನ್‌ವಿಎಂಇ (ಪಿಸಿಐಇ ದಾರಿಯಲ್ಲಿ ನಡೆಯುವ ಬಗೆ), 2280 (22 ಮಿ.ಮೀ. ಅಗಲ, 80 ಮಿ.ಮೀ. ಉದ್ದ), ಜಿಎಸ್‌ಟಿ ಬಿಲ್. ಎಂ.2 ಎಂದಷ್ಟೇ ಕೇಳಿದರೆ ಕೆಲವೊಮ್ಮೆ ಹಳೆಯ, ನಿಧಾನದ ಬಗೆಯಾದ ಸಾಟಾ ಎಂ.2 ಕೈಗೆ ಬರುತ್ತದೆ. ಅದರ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಕಚ್ಚುಗಳಿರುತ್ತವೆ, ಎನ್‌ವಿಎಂಇಯಲ್ಲಿ ಒಂದು. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟ್‌ನಲ್ಲಿ ಸಾಟಾ ಡ್ರೈವ್ ಕೂರುತ್ತದೆ, ಆದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದೇ ಇಲ್ಲ. ಸೀರಿಯಲ್ ನಂಬರನ್ನು ಅಂಗಡಿಯಲ್ಲೇ ನಿಂತು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ರ್‍ಯಾಮ್ ನೋಡಿದೆ, ಒಂದೇ ಸ್ಲಾಟ್ ಬಳಕೆಯಲ್ಲಿದೆ. ಎಸ್‌ಎನ್770 ಮತ್ತು ರ್‍ಯಾಮ್ ಎರಡನ್ನೂ ತೆಗೆದುಕೊಳ್ಳುತ್ತೇನೆ. ವಿಂಡೋಸ್ ಅನ್ನು ಹೊಸ ಡ್ರೈವ್‌ಗೆ ಸಾಗಿಸಬೇಕೆ? ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಬೇಕೆ?

ಧಾರವಾಡದ ಮೇಜು:

ವಿಂಡೋಸ್ ಇದ್ದಲ್ಲೇ ಇರಲಿ. ಹಳೆಯ ಡ್ರೈವ್‌ನಲ್ಲಿ ಕಾಲೇಜಿನ ಕೆಲಸ, ಹೊಸದರಲ್ಲಿ ಗೇಮ್. ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿರುವ ಸ್ಟೋರೇಜ್ ಪುಟದಿಂದ ಗೇಮ್‌ಗಳನ್ನು ನೇರವಾಗಿ ಸಾಗಿಸಬಹುದು, ಮತ್ತೆ ಇಳಿಸಿಕೊಳ್ಳಬೇಕಾಗಿಲ್ಲ.

ಹೀಟ್‌ಸಿಂಕ್ ಅಂಟಿಸಿ ಮಾರುವ ಡ್ರೈವ್‌ಗಳು ಡೆಸ್ಕ್‌ಟಾಪ್‌ಗೆ. ನಿಮ್ಮ ತಳದ ಮುಚ್ಚಳ ಅದರ ಮೇಲೆ ಕೂರುವುದಿಲ್ಲ. ಬರಿಯ ಡ್ರೈವ್ ಸಾಕು.

ಬಿಚ್ಚುವ ಮೊದಲು ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಇಲ್ಲವಾದರೆ ವಿಂಡೋಸ್ ಪೂರ್ತಿ ಆರುವುದಿಲ್ಲ. ಚಾರ್ಜರ್ ತೆಗೆಯಿರಿ, ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರನ್ನು ಉಗುರಿನಿಂದ ಮೆಲ್ಲಗೆ ಸರಿಸಿ ಕಳಚಿ. ಡ್ರೈವನ್ನು ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಅಂಚು ಕಾಣದಷ್ಟು ಒಳಗೆ ತಳ್ಳಿ. ಕೈಬಿಟ್ಟರೆ ಇನ್ನೊಂದು ತುದಿ ತಾನಾಗಿಯೇ ಮೇಲೇಳುತ್ತದೆ. ಅದು ಹಾಗೆಯೇ ಇರಬೇಕು, ಗಾಬರಿಯಾಗಬೇಡಿ. ಒತ್ತಿ ಹಿಡಿದು ಸ್ಕ್ರೂ ಹಾಕಿ, ತಿರುಗುವುದು ನಿಂತಲ್ಲಿಗೆ ನಿಲ್ಲಿಸಿ. ಖಾಲಿ ಸ್ಲಾಟ್‌ನಲ್ಲಿ ಆ ಸ್ಕ್ರೂ ಇದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ. ಇಲ್ಲದಿದ್ದರೆ ಯಾವುದೇ ದುರಸ್ತಿ ಅಂಗಡಿಯಲ್ಲಿ ಎಂ2 ಅಳತೆಯ (2 ಮಿ.ಮೀ. ದಪ್ಪದ), 3 ಮಿ.ಮೀ. ಉದ್ದದ್ದನ್ನು ಕೇಳಿ.

ಆನ್ ಮಾಡಿದಾಗ ಹೊಸ ಡ್ರೈವ್ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣಿಸುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಜಿಪಿಟಿ ಆರಿಸಿ, ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಅಲ್ಲಿ ಹಳೆಯ ಡ್ರೈವ್ ಕೂಡ ಇರುತ್ತದೆ. 1 ಟಿಬಿ ಡ್ರೈವನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ; ಹಾಗೆ ಬರೆದಿರುವುದನ್ನು ಓದಿ ಖಚಿತಪಡಿಸಿಕೊಂಡ ಮೇಲೆಯೇ ಒತ್ತಿ. ಡ್ರೈವ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಪಿಸಿಐಇ 3.0 x4 (ಜೆನ್ 3, ನಾಲ್ಕು ಲೇನ್), ಅದರ ಪಕ್ಕದಲ್ಲಿ 4.0 x4 ಎಂದು ಕಂಡರೆ ಎಲ್ಲ ಸರಿಯಾಗಿದೆ: ಮೊದಲನೆಯದು ನಿಮ್ಮ ಸ್ಲಾಟ್ ಕೊಡುತ್ತಿರುವುದು, ಎರಡನೆಯದು ಡ್ರೈವ್‌ಗೆ ಸಾಧ್ಯವಿರುವುದು. x4 ಬದಲು x2 ಎಂದು ಬಂದರೆ ಇಲ್ಲಿಯೇ ಬರೆಯಿರಿ, ನೋಡೋಣ.