ಈ ಬಿಟೆಕ್ ಇಂಜಿನಿಯರಿಂಗ್ ಅಲ್ಲ: ಸಿಕ್ಸ್ತ್ ಫಾರ್ಮ್‌ನಲ್ಲಿ ಮ್ಯೂಸಿಕಲ್ ಥಿಯೇಟರ್, ಹೋಗಿಬಂದವರ ಅನುಭವ

ಕೇಳಿದವರು, ಮಿಲ್ಟನ್ ಕೀನ್ಸ್‌ನಿಂದ:

ನಾವು ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷವಾಯಿತು. ಮಗಳು ಮುಂದಿನ ಬೇಸಿಗೆಯಲ್ಲಿ ಜಿಸಿಎಸ್‌ಇ, ಅಂದರೆ ಇಲ್ಲಿನ ಹದಿನಾರನೇ ವಯಸ್ಸಿನ ಪರೀಕ್ಷೆ, ಮುಗಿಸುತ್ತಾಳೆ. ಏಳು ವರ್ಷ ಕರ್ನಾಟಕ ಸಂಗೀತ, ಐದು ವರ್ಷ ಭರತನಾಟ್ಯ ಕಲಿತಿದ್ದಾಳೆ. ಈಗ ಎಲ್ಲರಂತೆ ಎ ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಬೇಡ, ಸಿಕ್ಸ್ತ್ ಫಾರ್ಮ್ ಕಾಲೇಜಿನಲ್ಲಿ, ಅಂದರೆ ಹದಿನಾರರಿಂದ ಹದಿನೆಂಟರವರೆಗಿನ ಓದಿನಲ್ಲಿ, ಹಾಡು, ಕುಣಿತ, ನಟನೆ ಮೂರೂ ಸೇರಿದ ಮ್ಯೂಸಿಕಲ್ ಥಿಯೇಟರ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಮ್ಮವರು ಮಾತು ಬಿಟ್ಟಿದ್ದಾರೆ. ದಾವಣಗೆರೆಯಲ್ಲಿರುವ ಅತ್ತೆಗೆ ಇನ್ನೂ ಹೇಳಿಲ್ಲ. ಈ ದಾರಿಯಲ್ಲಿ ಹೋಗಿಬಂದವರು ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಲೆಸ್ಟರ್‌ನಿಂದ, ಮಗಳನ್ನು ಓದಿಸಿದ ತಾಯಿ:

ಅಕ್ಕಾ, ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ರಾಮಾಯಣ. ಮೊದಲು ಕಾಲೇಜಿಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ: ಎರಡು ವರ್ಷ ಮುಗಿದ ಮೇಲೆ ಕೈಗೆ ಬರುವ ಪ್ರಮಾಣಪತ್ರದ ಹೆಸರೇನು? ಮ್ಯೂಸಿಕಲ್ ಥಿಯೇಟರ್ ಎಂಬುದು ಬಾಗಿಲ ಮೇಲಿನ ಫಲಕ ಮಾತ್ರ. ಒಳಗೆ ಹೋಗಿ ನೋಡಿದರೆ ಹಲವು ಕಡೆ ಇರುವುದು ಪರ್ಫಾರ್ಮಿಂಗ್ ಆರ್ಟ್ಸ್‌ನ ಮೂರನೇ ಹಂತದ ಬಿಟೆಕ್ (BTEC), ಎ ಲೆವೆಲ್ ಮಟ್ಟದ ವೃತ್ತಿಪರ ಕೋರ್ಸು. ಊರಿಗೆ ಫೋನ್ ಮಾಡಿ "ಬಿಟೆಕ್ ಸೇರುತ್ತಿದ್ದಾಳೆ" ಎಂದಾಗ ನಮ್ಮ ಮಾವನವರು ಇಂಜಿನಿಯರಿಂಗ್ ಎಂದುಕೊಂಡು ಪಕ್ಕದ ಮನೆಗೆಲ್ಲ ಸಿಹಿ ಹಂಚಿದ್ದರು. ತಿದ್ದುವ ಧೈರ್ಯ ನನಗೆ ಯುಗಾದಿಯವರೆಗೂ ಬರಲಿಲ್ಲ.

ಅದರಲ್ಲೂ ಗಾತ್ರ ಬೇರೆ ಬೇರೆ. ಎಕ್ಸ್‌ಟೆಂಡೆಡ್ ಡಿಪ್ಲೊಮಾ ಮೂರು ಎ ಲೆವೆಲ್‌ಗೆ ಸಮ, ಎಕ್ಸ್‌ಟೆಂಡೆಡ್ ಸರ್ಟಿಫಿಕೇಟ್ ಒಂದಕ್ಕೆ ಸಮ. ದೊಡ್ಡದರಲ್ಲಿ ಪೂರ್ತಿ ಡಿಸ್ಟಿಂಕ್ಷನ್ ಸ್ಟಾರ್ ಬಂದರೆ ಯುಕಾಸ್ (ವಿಶ್ವವಿದ್ಯಾಲಯ ಪ್ರವೇಶದ ಅರ್ಜಿ ನೋಡುವ ಸಂಸ್ಥೆ) ಲೆಕ್ಕದಲ್ಲಿ 168 ಅಂಕ, ಮೂರು ಎ ಸ್ಟಾರ್‌ಗೆ ಎಷ್ಟೋ ಅಷ್ಟೇ. ಆದರೆ ಅಂಕ ಸಮವಾದರೆ ಬಾಗಿಲುಗಳೂ ಸಮವಾಗಿ ತೆರೆಯುತ್ತವೆ ಎಂದು ನಂಬಬೇಡಿ. ಸಾಮಾನ್ಯವಾಗಿ ಮೆಡಿಕಲ್‌ನವರು ರಸಾಯನಶಾಸ್ತ್ರ ಕೇಳುತ್ತಾರೆ, ಇಂಜಿನಿಯರಿಂಗ್‌ನವರು ಗಣಿತ ಕೇಳುತ್ತಾರೆ. ನನ್ನ ಮಗಳು ಚಿಕ್ಕದನ್ನು ತೆಗೆದುಕೊಂಡು ಜೊತೆಗೆ ಇಂಗ್ಲಿಷ್ ಸಾಹಿತ್ಯ, ಮನಃಶಾಸ್ತ್ರ ಓದಿದಳು. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಎಂದು ನಾನೇ ಗೊಣಗಿದ್ದೆ. ಈಗ ಅನ್ನಿಸುತ್ತದೆ, ಹದಿನಾರರ ಹುಡುಗಿಗೆ ಎರಡು ದೋಣಿ ಇರುವುದೇ ಒಳ್ಳೆಯದು.

ಇನ್ನು ಸಂಗೀತ. ನಮ್ಮ ಮಕ್ಕಳು ಗೊತ್ತಿಲ್ಲದೆ ಎಡವುವುದು ಇಲ್ಲೇ. ಮೊದಲ ತರಗತಿಯಲ್ಲಿ ಪಿಯಾನೋದ ಒಂದು ಮನೆ ಒತ್ತಿ, ಅದೇ ಸ್ವರವನ್ನು ನೆಟ್ಟಗೆ ಹಿಡಿ ಎಂದರಂತೆ. ಇವಳು ಹಿಡಿದಳು, ಆದರೆ ಕೆಳಗಿನ ಸ್ವರದಿಂದ ಜಾರಿಕೊಂಡು ಬಂದು ಹಿಡಿದಳು. ಚೆನ್ನಾಗಿದೆ, ಈಗ ಜಾರದೆ ನೇರವಾಗಿ ಆ ಸ್ವರದ ಮೇಲೇ ಇಳಿ ಎಂದರು. ಮತ್ತೆ ಗಮಕ. ಏಳು ವರ್ಷ ಯಾವುದನ್ನು ಕಂಠಕ್ಕೆ ಕೂರಿಸಲು ಮೇಷ್ಟ್ರು ಹೆಣಗಿದ್ದರೋ ಅದನ್ನು ಬೇಕಾದಾಗ ಕಳಚಿಡಲು ಇವಳಿಗೆ ಒಂದು ಇಡೀ ಟರ್ಮ್ ಹಿಡಿಯಿತು. ಶ್ರುತಿಪೆಟ್ಟಿಗೆಯ ಅಚಲ ಷಡ್ಜಕ್ಕೆ ಒಗ್ಗಿದ ಕಿವಿಗೆ ಇನ್ನೊಂದು ಸಂಕಟ: ಹಾಡಿನ ನಡುವೆ ಪಿಯಾನೋ ಆ ಷಡ್ಜವನ್ನೇ ಎತ್ತಿ ಬೇರೆ ಕಡೆ ಇಟ್ಟುಬಿಡುತ್ತದೆ! ಪಕ್ಕದವಳು ಒಂದು ಸಾಲು ಹಾಡುತ್ತಿರುವಾಗ ತಾನು ಇನ್ನೊಂದು ಸಾಲು ಹಾಡಬೇಕು, ಅವಳ ಕಡೆಗೆ ವಾಲಬಾರದು. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲಿನ ಪಾಶ್ಚಾತ್ಯ ಸ್ವರಲಿಪಿ, ಓದಲು ಬರಬೇಕು. ನಿಮ್ಮ ಮಗಳಿಗೆ ಅದು ಬಾರದಿದ್ದರೆ ಈ ಚಳಿಗಾಲದಲ್ಲೇ ಶುರು ಮಾಡಿಸಿ.

ಲಾಭವೂ ಉಂಟು. ಅಲಂಕಾರಗಳನ್ನು ಮೂರು ಕಾಲದಲ್ಲಿ ಹಾಡಿದವಳಿಗೆ ಏಳು ಮಾತ್ರೆಯ ಹಾಡು ಕೊಟ್ಟರೆ ಮಿಶ್ರಛಾಪು ಎಂದುಕೊಂಡು ಹಾಡಿಬಿಡುತ್ತಾಳೆ, ಉಳಿದವರು ಬೆರಳು ಎಣಿಸುತ್ತಾ ನಿಂತಿರುತ್ತಾರೆ. ನೃತ್ಯದಲ್ಲಿ ಶೂನಿಂದ ನೆಲ ತಟ್ಟಿ ತಾಳ ಹಾಕುವ ಟ್ಯಾಪ್ ಬೇಗ ಒಲಿಯಿತು, ಅಡವು ತಟ್ಟಿದ ಕಾಲಲ್ಲವೇ. ಬ್ಯಾಲೆ ಒಲಿಯಲಿಲ್ಲ. ಅರೆಮಂಡಿಯಲ್ಲಿ ಮಂಡಿ ಹೊರಕ್ಕೆ ತಿರುಗುವುದೇನೋ ಅಭ್ಯಾಸವಿತ್ತು, ಆದರೆ ನಮ್ಮಲ್ಲಿ ಭಾರ ನೆಲಕ್ಕೆ ಇಳಿಯಬೇಕು, ಅಲ್ಲಿ ಭಾರವೇ ಇಲ್ಲದವಳಂತೆ ಮೇಲೇಳಬೇಕು. ನೆಗೆದು ಇಳಿದಾಗ ಸದ್ದಾದರೆ ಟೀಚರ್ ತಿರುಗಿ ನೋಡುತ್ತಿದ್ದರಂತೆ.

ಆಡಿಷನ್‌ಗೆ ಒಂದಕ್ಕೊಂದು ಸ್ವಭಾವ ಬೇರೆಯಾದ ಎರಡು ಹಾಡು, ಒಂದು ಸ್ವಗತ ಕೇಳಿದ್ದರು. ಹಾಡಿನ ಸ್ವರಪ್ರತಿ ಅವಳ ಶ್ರುತಿಯಲ್ಲೇ ಇರಲಿ, ಎಲ್ಲಿ ಆರಂಭ ಎಲ್ಲಿ ಮುಕ್ತಾಯ ಎಂದು ಪೆನ್ಸಿಲ್‌ನಲ್ಲಿ ಗುರುತಿರಲಿ, ಪುಟಗಳು ಕಡತದಲ್ಲಿ ಜೋಡಿಸಿರಲಿ. ಸಡಿಲ ಹಾಳೆ ಕೊಟ್ಟ ಹುಡುಗನೊಬ್ಬನ ಎರಡನೇ ಪುಟ ಪಿಯಾನೋದ ಹಿಂದೆ ಬಿದ್ದು ಪಾಪ, ಪಿಯಾನೋ ಇಲ್ಲದೆಯೇ ಹಾಡು ಮುಗಿಸಿದನಂತೆ.

ರೆಡಿಂಗ್‌ನಿಂದ, ಒಬ್ಬ ತಂದೆ:

ದುಡ್ಡಿನ ಮಾತು ಯಾರೂ ಆಡಿಲ್ಲ, ನಾನು ಆಡುತ್ತೇನೆ. ಸರ್ಕಾರಿ ಸಿಕ್ಸ್ತ್ ಫಾರ್ಮ್‌ನಲ್ಲಿ ಬೋಧನಾ ಶುಲ್ಕವಿಲ್ಲ. ಶೂಗಳಿಗೆ, ರೈಲಿಗೆ, ನಾಟಕ ನೋಡುವ ಟಿಕೆಟ್‌ಗೆ ಖರ್ಚಾಗುತ್ತದೆ, ಅದು ತಡೆಯುವಂಥದ್ದು. ಪ್ರದರ್ಶನ ಕಲೆಗಳಿಗೆ ಹೆಸರಾದ ಕ್ರಾಯ್ಡನ್‌ನ ಬ್ರಿಟ್ ಸ್ಕೂಲ್ ಕೂಡ ಸರ್ಕಾರಿ ಅನುದಾನದ್ದೇ, 1991ರಿಂದ ಇದೆ, ಶುಲ್ಕವಿಲ್ಲ. ಆದರೆ ಮಿಲ್ಟನ್ ಕೀನ್ಸ್‌ನಿಂದ ದಿನಾ ಹೋಗಿಬರುವ ದೂರವಲ್ಲ.

ಪೆಟ್ಟು ಬೀಳುವುದು ಹದಿನೆಂಟಕ್ಕೆ. ಇಂಗ್ಲೆಂಡಿನಲ್ಲಿ ಪದವಿಗೆ ಸ್ಥಳೀಯ ಶುಲ್ಕ 2025-26ರಲ್ಲಿ ವರ್ಷಕ್ಕೆ ಗರಿಷ್ಠ 9,535 ಪೌಂಡ್. ಹೊರದೇಶದವರಿಗೆ ಅಂಥ ಮಿತಿಯೇ ಇಲ್ಲ. ನಮ್ಮಂಥ ಕೆಲಸದ ವೀಸಾ ಕುಟುಂಬಗಳ ಮಕ್ಕಳು ಸ್ಥಳೀಯರೆಂದು ಎಣಿಕೆಯಾಗಬೇಕಾದರೆ ಸಾಮಾನ್ಯವಾಗಿ ಕೋರ್ಸಿನ ಮೊದಲ ಶೈಕ್ಷಣಿಕ ವರ್ಷ ಆರಂಭವಾಗುವ ದಿನಕ್ಕೆ ಐಎಲ್‌ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಆಗಿರಬೇಕು, ಹಿಂದಿನ ಮೂರು ವರ್ಷ ಇಲ್ಲೇ ನೆಲೆಸಿರಬೇಕು. ನಮ್ಮ ಐಎಲ್‌ಆರ್ ಪತ್ರ ಬಂದದ್ದು ಅಕ್ಟೋಬರ್‌ನಲ್ಲಿ, ಆ ದಿನ ದಾಟಿದ ಮೇಲೆ. ಮಗ ಸಿಕ್ಕಿದ್ದ ಸೀಟನ್ನು ಒಂದು ವರ್ಷ ಮುಂದೂಡಿ ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ ಮಾಡಿದ. ನಿಮಗೆ ಒಂಬತ್ತು ವರ್ಷವಾಗಿದೆ, ಬಹುಶಃ ಈ ತೊಡಕಿಲ್ಲ. ಓದುವ ಬೇರೆಯವರಿಗಾಗಿ ಬರೆದೆ.

ಮತ್ತೊಂದು. ಲಂಡನ್, ಗಿಲ್ಡ್‌ಫರ್ಡ್, ಲಿವರ್‌ಪೂಲ್, ಕಾರ್ಡಿಫ್, ಗ್ಲಾಸ್ಗೋ ಎಂದು ಡ್ರಾಮಾ ಸ್ಕೂಲ್‌ಗಳ ಆಡಿಷನ್‌ಗೆ ಅಲೆಯುವ ವರ್ಷ ಟಿಕೆಟ್ ದರ ಇಳಿಸುವ ರೈಲ್‌ಕಾರ್ಡ್ ಮರೆಯಬೇಡಿ. ಅವನಿಗೆ ಐದು ಕಡೆ ಇಲ್ಲ ಎಂದರು, ಒಂದು ಕಡೆ ಹೌದು ಎಂದರು.

ಮ್ಯಾಂಚೆಸ್ಟರ್‌ನಿಂದ, ಓದಿದವಳು:

ಆಂಟಿ, ನಾನು ಎರಡು ವರ್ಷವೂ ದೊಡ್ಡ ಡಿಪ್ಲೊಮಾ ಓದಿದೆ. ಹೆಸರಿರುವ ಪಾತ್ರ ಒಮ್ಮೆಯೂ ಸಿಗಲಿಲ್ಲ. ಒಂದು ನಾಟಕದಲ್ಲಿ ಊರಿನ ಹೆಂಗಸು, ಇನ್ನೊಂದರಲ್ಲಿ ಮಾರುಕಟ್ಟೆಯ ಹೆಂಗಸು. ಅತ್ತಿದ್ದೇನೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮನೆಯಲ್ಲಿ ಎಲ್ಲರೂ ಹೊಗಳಿದ ಕಂಠ ಆ ತರಗತಿಯಲ್ಲಿ ಇಪ್ಪತ್ತನಾಲ್ಕು ಕಂಠಗಳಲ್ಲಿ ಒಂದು, ಅಷ್ಟೇ.

ಬರವಣಿಗೆ ಬಹಳ ಇದೆ. ಪ್ರತಿ ತಾಲೀಮಿನ ದಿನಚರಿ ಬರೆಯಬೇಕು, ಮಾಡಿದ್ದನ್ನು ವಿಮರ್ಶಿಸಬೇಕು. ಕುಣಿದರೆ ಸಾಕು ಎಂದುಕೊಂಡು ಬಂದ ಇಬ್ಬರು ಅಲ್ಲೇ ಮುಗ್ಗರಿಸಿದರು. ಗಂಟಲು ಕಟ್ಟಿದ್ದಾಗ ಎದೆದನಿಯಲ್ಲಿ ಏರಿಸಿ ಹಾಡಿ ನಾನು ಎರಡು ವಾರ ಮಾತೇ ಇಲ್ಲದೆ ಕುಳಿತೆ. ನೆಗಡಿಯಾದ ದಿನ ಮೆಲ್ಲಗೆ ಗುನುಗಿಕೊಂಡು ಹೆಜ್ಜೆ ಮಾತ್ರ ಹಾಕಲು ಅನುಮತಿ ಕೇಳಬಹುದು. ಕೇಳುವುದು ಸೋಮಾರಿತನವಲ್ಲ ಎಂದು ಮಗಳಿಗೆ ಹೇಳಿಡಿ.

ನನ್ನ ದಾರಿ ತಿರುಗಿದ್ದು ಪ್ರದರ್ಶನದ ಹಿಂದಿನ ವಾರ. ದೀಪ, ಧ್ವನಿ, ರಂಗಸಜ್ಜಿಕೆ ಎಲ್ಲವನ್ನೂ ಕೂಡಿಸುವಾಗ ನಟರು ಗಂಟೆಗಟ್ಟಲೆ ಸುಮ್ಮನೆ ನಿಂತಿರಬೇಕು. ಆ ದಿನ ಸ್ಟೇಜ್ ಮ್ಯಾನೇಜರ್ ಆಗಿದ್ದವಳಿಗೆ ಜ್ವರ, ನನ್ನ ತಲೆಗೆ ಹೆಡ್‌ಸೆಟ್ ಬಂತು. ಕೈಯಲ್ಲಿ ನಾಟಕದ ಪ್ರತಿ, ಅಂಚಿನಲ್ಲಿ ಪೆನ್ಸಿಲ್ ಗುರುತು. "ಸ್ಟ್ಯಾಂಡ್‌ಬೈ ಎಲ್‌ಎಕ್ಸ್ 42", ಅಂದರೆ ದೀಪದ 42ನೇ ಬದಲಾವಣೆಗೆ ಸಿದ್ಧರಾಗಿ, ಎಂದು ಮೊದಲು ಎಚ್ಚರಿಸಬೇಕು. ಆಮೇಲೆ ಹಾಡಿನ ಸರಿಯಾದ ಮಾತ್ರೆಯ ಮೇಲೆ "ಗೋ". ನಾನು ಗೋ ಎಂದೆ, ಇಡೀ ವೇದಿಕೆ ನೀಲಿಯಾಯಿತು. ಈಗ ಅದನ್ನೇ ಓದುತ್ತಿದ್ದೇನೆ. ಕಾಲೇಜು ನೋಡಲು ಹೋದಾಗ ವೇದಿಕೆಯ ಹಿಂದಿನ ಕೆಲಸ ಕಲಿಸುತ್ತಾರೆಯೇ ಎಂದು ಕೇಳಿ.

ಬರ್ಮಿಂಗ್‌ಹ್ಯಾಮ್‌ನಿಂದ, ಹಿರಿಯರೊಬ್ಬರು:

ನೋಡಮ್ಮ, ನಿಮ್ಮ ಅತ್ತೆಯವರ ಚಿಂತೆ ಬಿಡಿ. ಇಂಗ್ಲಿಷ್ ಹೆಸರು ಕೇಳಿ ನೀವೇ ಬೆದರಿದ್ದೀರಿ. ಹಾಡುತ್ತ, ಕುಣಿಯುತ್ತ, ಮಾತಾಡುತ್ತ ಕಥೆ ನಡೆಸುವುದನ್ನು ನಮ್ಮ ಕಂಪನಿ ನಾಟಕಗಳು ನೂರು ವರ್ಷಕ್ಕೂ ಮೀರಿ ಮಾಡಿವೆ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಕಂಪನಿ ನಾಟಕಗಳ ನಟಿ ಚಿಂದೋಡಿ ಲೀಲಾ ಯಾರೆಂದು ದಾವಣಗೆರೆಯವರಿಗೆ ನಾನು ಹೇಳಬೇಕೇ? ವ್ಯತ್ಯಾಸ ಇಷ್ಟೇ, ಇಲ್ಲಿ ಜನ "ಒನ್ಸ್ ಮೋರ್" ಎಂದು ಕೂಗಿದರೆ ಹಾಡು ಮತ್ತೆ ಬರುವುದಿಲ್ಲ.

ಆದರೂ ಒಂದು ಮಾತು. ಆ ಕಂಪನಿಗಳು ನಷ್ಟಕ್ಕೆ ಬಿದ್ದಾಗ ನಟರು ಪಟ್ಟ ಪಾಡು ನಾನು ಕಂಡಿದ್ದೇನೆ. ಮಗಳ ತಂದೆಯ ಸಿಟ್ಟನ್ನು ಮೂರ್ಖತನವೆಂದು ತಳ್ಳಬೇಡಿ. ಅವರನ್ನೂ ಕಾಲೇಜಿಗೆ ಕರೆದುಕೊಂಡು ಹೋಗಿ.

ಕೇಳಿದವರು, ಮಿಲ್ಟನ್ ಕೀನ್ಸ್‌ನಿಂದ:

ಎಲ್ಲರಿಗೂ ಕೈ ಮುಗಿದೆ. ಶನಿವಾರ ಮೂವರೂ ಕಾಲೇಜು ನೋಡಲು ಹೋಗುತ್ತಿದ್ದೇವೆ. ಇವರು ಕೇಳಬೇಕಾದ ಪ್ರಶ್ನೆಗಳನ್ನು ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದಾರೆ, ಅಂದರೆ ಮಾತು ಶುರುವಾಗಿದೆ. ಅತ್ತೆಗೂ ಫೋನ್ ಮಾಡಿದೆ. ಚಿಂದೋಡಿ ಲೀಲಾ ಅವರ ನಾಟಕ ನೋಡಲು ಮದುವೆಗೆ ಮುಂಚೆ ಮನೆಯಲ್ಲಿ ಸುಳ್ಳು ಹೇಳಿ ಹೋಗಿದ್ದರಂತೆ. ಇಷ್ಟು ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ. ಬಿಟೆಕ್ ಎಂಬ ಪದ ನಾನು ಬಳಸಲಿಲ್ಲ.

ಯಾರ ಮನೆಯಲ್ಲಾದರೂ ಮಕ್ಕಳಿಗೆ ಚಿಕ್ಕದಾದ ಟ್ಯಾಪ್ ಶೂ ಇದ್ದರೆ ತಿಳಿಸಿ. ಅಳತೆ ಐದು.