ಅಂಗಳದ ಕಾಂಕ್ರೀಟಿಗೆ ಫೈಬರ್ ಹಾಕಿಸಿದವರು ಯಾರಾದರೂ ಇದ್ದೀರಾ?

ಮನೆ ಮಲ್ಪೆ ಹತ್ತಿರ, ಕಡಲ ಗಾಳಿ ನೇರ ಹೊಡೆಯುತ್ತದೆ. ಹಳೇ ಅಂಗಳದಲ್ಲಿ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಹಪ್ಪಳದ ಹಾಗೆ ಎದ್ದು ಬಂದಿತ್ತು. ಈಗ ಹೊಸದಾಗಿ 4 ಇಂಚು ಹಾಕಿಸಬೇಕು, ಕಾರೂ ನಿಲ್ಲಬೇಕು. ಪ್ಲಾಸ್ಟಿಕ್ ಫೈಬರ್ (ಕಾಂಕ್ರೀಟಿಗೆ ಬೆರೆಸುವ ಎಳೆ) ಹಾಕಿದರೆ ಸರಳೇ ಬೇಡ ಎನ್ನುತ್ತಾರೆ ಅಂಗಡಿಯವರು. ಹೌದಾ?

ಸುರತ್ಕಲ್‌ನಿಂದ:
ನಾನು ಹಾಕಿಸಿದ್ದೇನೆ. 12 ಮಿಲಿಮೀಟರ್ ಉದ್ದದ ಪಾಲಿಪ್ರೊಪಿಲೀನ್, 50 ಕಿಲೋ ಸಿಮೆಂಟ್ ಚೀಲಕ್ಕೆ 125 ಗ್ರಾಮಿನ ಒಂದು ಪ್ಯಾಕೆಟ್. ನಮ್ಮ ಮೇಸ್ತ್ರಿ ಮೊದಲ ಪ್ಯಾಕೆಟನ್ನು ಒಟ್ಟಿಗೆ ಮಿಕ್ಸರಿಗೆ ಸುರಿದರು. ಸುರಿಯುವಾಗ ನೋಡಿದರೆ ಜಲ್ಲಿ ಮಧ್ಯೆ ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ಉಂಡೆಗಳು! ಆಮೇಲೆ ನಾನೇ ಕೂತು ಬೆರಳಲ್ಲಿ ಬಿಡಿಸಿ, ಮಿಕ್ಸರ್ ತಿರುಗುತ್ತಿರುವಾಗ ಸ್ವಲ್ಪ ಸ್ವಲ್ಪವೇ ಉದುರಿಸಿದೆ. ಇನ್ನೊಂದು ವಿಷಯ. ಫೈಬರ್ ಬಿದ್ದ ಕೂಡಲೇ ಮಾಲು ಗಟ್ಟಿಯಾದ ಹಾಗೆ ಕಾಣುತ್ತದೆ. ಕೆಲಸದವರು ಬಕೆಟ್ ಹಿಡಿದು ಬರುತ್ತಾರೆ. ಬಿಡಬೇಡಿ ಮಾರಾಯ್ರೆ, ನೀರು ಜಾಸ್ತಿಯಾದರೆ ಕಾಂಕ್ರೀಟಿನ ಬಲವೇ ಹೋಗುತ್ತದೆ. ಬೇಕಾದರೆ ಪ್ಲಾಸ್ಟಿಸೈಸರ್ ಹಾಕಿಸಿ, ನೀರು ಹೆಚ್ಚಿಸದೆಯೇ ಮಾಲನ್ನು ಸಡಿಲ ಮಾಡುವ ರಾಸಾಯನಿಕ ಅದು. ಮೇಲೆ ಅಲ್ಲಲ್ಲಿ ಕೂದಲು ಎದ್ದ ಹಾಗೆ ಕಾಣುತ್ತಿತ್ತು, ನಡೆದೂ ನಡೆದೂ ಸವೆದು ಹೋಯಿತು.

ಮಣಿಪಾಲದಿಂದ, ಸೈಟ್ ಇಂಜಿನಿಯರ್:
ಅಂಗಡಿಯವರು ಹೇಳಿದ್ದು ಅರ್ಧ ಮಾತ್ರ. ಈ ಸಣ್ಣ ಫೈಬರಿನ ಕೆಲಸ ಮುಖ್ಯವಾಗಿ ಮೊದಲ ಕೆಲವು ಗಂಟೆಗಳದ್ದು. ಕಾಂಕ್ರೀಟ್ ಇನ್ನೂ ಹಸಿ ಇರುವಾಗ ಬಿಸಿಲು, ಗಾಳಿಗೆ ಮೇಲಿನ ಪದರ ಬೇಗ ಒಣಗಿ ಕೂದಲೆಳೆ ಬಿರುಕು ಬರುತ್ತದಲ್ವಾ, ಅದನ್ನು ಕಡಿಮೆ ಮಾಡುತ್ತದೆ. ಭಾರ ಹೊರುವುದು ಅದರ ಕೆಲಸ ಅಲ್ಲ. ಸರಳಿನ ಬದಲು ಹಾಕಬೇಕಾದರೆ ಬೇರೆ ಜಾತಿ ಉಂಟು: ಮ್ಯಾಕ್ರೋ ಫೈಬರ್, ಸುಮಾರು 40ರಿಂದ 60 ಮಿಲಿಮೀಟರ್ ಉದ್ದ, ಘನ ಮೀಟರಿಗೆ ಗ್ರಾಮಲ್ಲ, ಕೆಲವು ಕಿಲೋ ಬೇಕು. ಅದೂ ನೆಲದ ಮೇಲೆ ಕೂರುವ ಅಂಗಳಕ್ಕೆ, ಲೆಕ್ಕ ಹಾಕಿಸಿ. ತಾರಸಿಗೆ, ಬೀಮಿಗೆ ಸರಳು ಬಿಡುವ ಯೋಚನೆಯೇ ಬೇಡ. ತುಕ್ಕು ಹಿಡಿಯುವುದಿಲ್ಲ ಎನ್ನುವುದು ಮಾತ್ರ ನಿಜ, ಮಲ್ಪೆಯಲ್ಲಿ ಅದು ಸಣ್ಣ ಲಾಭ ಅಲ್ಲ. ಸ್ಟೀಲ್ ಫೈಬರ್ ಹಾಕಿದರೆ ಮೇಲೆ ತುಕ್ಕಿನ ಚುಕ್ಕೆ ಬರುತ್ತದೆ. ಯಾವುದು ಹಾಕಿದರೂ ಸುಮಾರು 10 ಅಡಿಗೊಂದು ಜಾಯಿಂಟ್ ಕತ್ತರಿಸಿ, ಅಂದರೆ ಬಿರುಕು ಅಲ್ಲೇ ಬರಲಿ ಅಂತ ಮೆಷಿನಿನಲ್ಲಿ ಕೊರೆಯುವ ನೇರ ಗೀರು, ಕನಿಷ್ಠ 1 ಇಂಚು ಆಳ. ಮರುದಿನದೊಳಗೆ ಕತ್ತರಿಸಬೇಕು, ತಡ ಮಾಡಿದರೆ ಕಾಂಕ್ರೀಟ್ ತಾನೇ ಜಾಗ ಹುಡುಕಿಕೊಂಡು ಬಿರಿಯುತ್ತದೆ.

ಕುಳಾಯಿಯಿಂದ:
ನನ್ನದು ಎಡವಟ್ಟಿನ ಕತೆ. ಏಪ್ರಿಲ್ ಬಿಸಿಲಲ್ಲಿ ಹಾಕಿಸಿದೆ. ಫೈಬರ್ ಉಂಟಲ್ಲ ಅಂತ ಎರಡೇ ದಿನ ನೀರು ಹಾಕಿ ಸುಮ್ಮನಾದೆ. ಸಿಮೆಂಟ್ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್), 10 ದಿನ ಒದ್ದೆ ಇಡಬೇಕಿತ್ತು. ಕೆಳಗೆ ತುಂಬಿಸಿದ ಕೆಂಪು ಮಣ್ಣಿಗೂ ಸರಿಯಾಗಿ ದಮ್ಮಾಸು ಹೊಡೆದಿರಲಿಲ್ಲ. ಮೊದಲ ಮಳೆಗಾಲಕ್ಕೆ ಮಣ್ಣು ಕೂತಿತು. ಗೇಟಿನಿಂದ ತುಳಸಿಕಟ್ಟೆವರೆಗೆ ಒಂದೇ ಉದ್ದ ಬಿರುಕು, ನಾಣ್ಯ ತೂರಿಸಬಹುದು.

ಕೇಳಿದವರು:
ಹಾಗಾದರೆ ಮೊದಲು ಮಣ್ಣು, ಆಮೇಲೆ ಉಳಿದದ್ದು. ಜಾಯಿಂಟ್ ಕತ್ತರಿಸುವ ಮೆಷಿನ್ ಉಡುಪಿಯಲ್ಲಿ ಒಂದು ದಿನಕ್ಕೆ ಬಾಡಿಗೆಗೆ ಸಿಗುತ್ತದಾ?