ಜರ್ಮನಿಯ ಹುಡುಗ ಹತ್ತು ದಿನ ನಮ್ಮ ಮನೆಯಲ್ಲಿ: ಹೇಗೆ ನೋಡಿಕೊಳ್ಳುವುದು?

ಹಾಸನದಿಂದ, ಕೇಳಿದವರು:
ಮಗನ ಶಾಲೆಯ ವಿನಿಮಯ ಕಾರ್ಯಕ್ರಮದಲ್ಲಿ ಜರ್ಮನಿಯ 16 ವರ್ಷದ ಹುಡುಗ ಜನವರಿಯಲ್ಲಿ ನಮ್ಮ ಮನೆಗೆ ಬರುತ್ತಿದ್ದಾನೆ. ಮೇನಲ್ಲಿ ಮಗ ಅವರ ಮನೆಗೆ ಹೋಗುತ್ತಾನೆ. ಊಟ, ತಿರುಗಾಟ ಎಲ್ಲ ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಚಿಕ್ಕಮಗಳೂರಿನಿಂದ:
ನಮ್ಮಲ್ಲೂ ಅದೇ ವಯಸ್ಸಿನ ಜರ್ಮನ್ ಹುಡುಗ ಇದ್ದ. ಮೊದಲು ನಾವು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಬಂದ ಮೂರೇ ದಿನದಲ್ಲಿ ಮುಳ್ಳಯ್ಯನಗಿರಿ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಲ್ಲ ಸುತ್ತಿಸಿದೆವು. ಸಂಜೆ ಮನೆಗೆ ಬಂದರೆ ಅವನನ್ನು ನೋಡಲು ನೆಂಟರು ಕಾದಿರುತ್ತಿದ್ದರು. ನಾಲ್ಕನೇ ದಿನ ಅವನು ಕೋಣೆ ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ. ನನಗೋ ಜೀವವೇ ಬಾಯಿಗೆ ಬಂದಿತ್ತು. ಮಗಳು ಹೋಗಿ ಕೇಳಿದರೆ, ಸ್ವಲ್ಪ ಹೊತ್ತು ಒಬ್ಬನೇ ಇರಬೇಕು ಅನಿಸಿತು ಅಂದ. ಅಷ್ಟೇ.

ಅವತ್ತು ಸಂಜೆ ಅತ್ತೆ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಅವನು ತಾನಾಗಿಯೇ ಬಂದು ಪಕ್ಕದಲ್ಲಿ ಕೂತ. ಮೊದಲ ಕಾಳು ಬೆರಳಿಂದ ಜಾರಿ ಗೋಡೆಗೆ ಹಾರಿತು. ಅತ್ತೆಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಇಬ್ಬರೂ ಸೇರಿ ಒಂದು ಪಾತ್ರೆ ತುಂಬಿಸಿದರು. ಮರುದಿನ ಅವನೇ ಹಿತುಕಿದ ಕಾಳಿನ ಸಾರನ್ನು ಎರಡು ಸಲ ಹಾಕಿಸಿಕೊಂಡ. ಊರಿಗೆ ಹೊರಡುವಾಗ ಮೊದಲು ಅಪ್ಪಿಕೊಂಡಿದ್ದು ಅತ್ತೆಯನ್ನೇ.

ಹಾಗಾಗಿ ದಿನಕ್ಕೆ ಒಂದೇ ಜಾಗ ಸಾಕು. ಬೇಲೂರಿಗೆ ಅರ್ಧ ದಿನ ಇಡಿ. 1117ರ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ ಅಂದಾಗ ಅವನು ಬಾಯಿಬಿಟ್ಟುಕೊಂಡು ನೋಡಿದ. ಶ್ರವಣಬೆಳಗೊಳದಲ್ಲಿ 600ಕ್ಕೂ ಜಾಸ್ತಿ ಮೆಟ್ಟಿಲು, ಅದೂ ಬರಿಗಾಲಲ್ಲಿ. ಬಿಸಿಲೇರುವ ಮೊದಲೇ ಹತ್ತಿಸಿ. ಸಕಲೇಶಪುರದ ಕಡೆ ಪರಿಚಯದವರ ತೋಟ ಇದ್ದರೆ ಕಾಫಿ ಕೊಯ್ಲಿಗೆ ಕರೆದುಕೊಂಡು ಹೋಗಿ.

ಇನ್ನೊಂದು. ನಾವು ಮೊದಲ ಸಲ ಬೇಡ ಅನ್ನುವುದು ಸಂಕೋಚಕ್ಕೆ, ಅಲ್ವಾ? ಅವನು ಬೇಡ ಅಂದರೆ ಬೇಡವೇ. ನಾವು ಉಪಚಾರ ಅಂತ ಬಡಿಸುತ್ತಲೇ ಇದ್ದೆವು, ಪಾಪ, ಅವನು ಕಷ್ಟಪಟ್ಟು ತಿನ್ನುತ್ತಿದ್ದ. ಒಮ್ಮೆ ಕೇಳಿ, ಬಿಟ್ಟುಬಿಡಿ.

ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರದ ಆನ್‌ಲೈನ್ ಫಾರ್ಮ್‌ನಲ್ಲಿ ತುಂಬಬೇಕು. ಶಾಲೆಯವರು ಮಾಡುತ್ತಾರೆ ಅಂತ ಸುಮ್ನೆ ಇರಬೇಡಿ, ಕೇಳಿ ಖಚಿತ ಮಾಡಿಕೊಳ್ಳಿ.

ಹಾಸನದಿಂದಲೇ ಇನ್ನೊಬ್ಬರು:
ನನ್ನ ಮಗಳು ಅಲ್ಲಿಗೆ ಹೋಗಿ ಬಂದಿದ್ದಾಳೆ. ಷೆಂಗೆನ್ ವೀಸಾಕ್ಕೆ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವ ವೈದ್ಯಕೀಯ ವಿಮೆ ಬೇಕು. ಹದಿನೆಂಟು ತುಂಬದ ಮಕ್ಕಳಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರವೂ ಬೇಕು. ಈಗಲೇ ಶುರು ಮಾಡಿ.

ರಾತ್ರಿ ಊಟಕ್ಕೆ ಅಲ್ಲಿ ಎಷ್ಟೋ ಮನೆಗಳಲ್ಲಿ ಬರೀ ಬ್ರೆಡ್ಡು, ಚೀಸು. ಬಿಸಿ ಅಡುಗೆ ಇಲ್ಲ ಅಂದರೆ ನಮ್ಮನ್ನು ಕಡೆಗಣಿಸಿದರು ಅಂತ ಅಲ್ಲ, ಇದನ್ನು ಮಗನಿಗೆ ಮೊದಲೇ ಹೇಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ತುಪ್ಪ, ಪೇಡ ಕಟ್ಟಿಕೊಡಬೇಡಿ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಚಟ್ನಿಪುಡಿ ಕೊಡಿ. ನಮ್ಮವಳು ಒಯ್ದ ಡಬ್ಬಿಯನ್ನು ಆ ಮನೆಯವರೇ ಬ್ರೆಡ್ಡಿನ ಜೊತೆ ತಿಂದು ಮುಗಿಸಿದರು.